ಎಂಟು ಬೇರಿಂಗು, ಒಂದು ಹಲಗೆ

ಗುಂಡ್ಲುಪೇಟೆಯಲ್ಲಿ ಬೆಳೆದ ನನ್ನ ಓರಗೆಯ ಹುಡುಗರಿಗೆ ಗ್ಯಾರೇಜೇ ಆಟಿಕೆ ಅಂಗಡಿ. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಲಾರಿಗಳಿಗೆ ಬರವಿರಲಿಲ್ಲ, ಸವೆದ ಬೇರಿಂಗಿಗೂ ಇರಲಿಲ್ಲ. ಶಾಲೆ ಬಿಟ್ಟವರೇ ಹೋಗಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲುತ್ತಿದ್ದೆವು. ಒಂದೇ ಅಳತೆಯವು ಎರಡು ಸಿಕ್ಕರೆ ಹಬ್ಬ. ಮೂರನೆಯದು ಮುಂದಕ್ಕೆ, ಅದು ಹೇಗಿದ್ದರೂ ನಡೆಯುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಜಾಲಿ ಕೋಲಿನ ತುದಿ ಕೆತ್ತಿ, ತೂತಿಗೆ ಬಿಗಿಯಾಗಿ ಕೂರಿಸಿ, ಮೇಲೊಂದು ಹಲಗೆ ಬಡಿದರೆ ಬೇರಿಂಗ್ ಗಾಡಿ. ಬ್ರೇಕು ಹವಾಯಿ ಚಪ್ಪಲಿ. ಟಾರಿನ ಮೇಲೆ ಅದು ಎಬ್ಬಿಸುತ್ತಿದ್ದ ಗರ್ರನೆಯ ಸದ್ದಿಗೆ ಬೀದಿಯ ಮುದುಕರೆಲ್ಲ ಬೈಯುತ್ತಿದ್ದರು.

ಇದೆಲ್ಲ ನೆನಪಾದದ್ದು ಅಣ್ಣನ ಮಗನ ಸ್ಕೇಟ್‌ಬೋರ್ಡಿನಿಂದ. ಜಗಲಿಯ ಮೇಲೆ ಅದರ ಚಕ್ರ ಬಿಚ್ಚಿಕೊಂಡು ಕೂತಿದ್ದ. ಒಂದೊಂದು ಚಕ್ರಕ್ಕೆ ಎರಡರಂತೆ ಎಂಟು ಬೇರಿಂಗು: ಒಳತೂತು 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7. ಈ ಅಳತೆಗೆ 608 ಎಂದು ಹೆಸರು. 2017ರಲ್ಲಿ ಮಕ್ಕಳ ಬೆರಳ ತುದಿಯಲ್ಲಿ ಗಿರಗಿರನೆ ತಿರುಗುತ್ತಿದ್ದ ಸ್ಪಿನ್ನರಿನ ಹೊಟ್ಟೆಯಲ್ಲಿದ್ದದ್ದೂ ಸಾಮಾನ್ಯವಾಗಿ ಇದೇ. ನಾವು ತೊಳೆದ ಹಾಗೇ ಅವನೂ ತೊಳೆಯುತ್ತಿದ್ದ, ಸೀಮೆಎಣ್ಣೆಯ ಬದಲು ಪೇಂಟಿನ ಥಿನ್ನರ್ ಇತ್ತು ಅಷ್ಟೆ.

ಈ ಆಟದ ಚರಿತ್ರೆಯನ್ನು ನನಗೆ ಹೇಳಿದವನೂ ಅವನೇ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಅವನೇ ಹಿರಿಯ. 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಅಲೆ ಸವಾರರು ಅಲೆ ಏಳದ ದಿನ ಹಲಗೆಗೆ ಚಕ್ರ ಕಟ್ಟಿಕೊಂಡು ರಸ್ತೆಗಿಳಿದರು. 1970ರ ದಶಕದಲ್ಲಿ ಯುರೆಥೇನ್ ಚಕ್ರ ಬಂತು. ಬರಗಾಲದಲ್ಲಿ ಬತ್ತಿಹೋದ ಈಜುಕೊಳಗಳಿಗೆ ಹುಡುಗರು ನುಗ್ಗಿದರು. ಟೋಕಿಯೊದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮೊಮಿಜಿ ನಿಶಿಯಾ ಚಿನ್ನ ಗೆದ್ದಾಗ ಅವಳಿಗೆ 13 ವರ್ಷ.

ಅವನಿಗೆ ಹುಚ್ಚು ಹತ್ತಿಸಿದ್ದು ಮಾತ್ರ ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಸ್ಕೇಟರ್‌ಗಳ ಕೂಟ. 2013ರಲ್ಲಿ ಜರ್ಮನಿಯಿಂದ ಬಂದ ಸ್ಕೇಟರ್‌ಗಳ ಜೊತೆ ಸೇರಿ, ಲೀವೈಸ್ ಕಂಪನಿಯ ನೆರವಿನಿಂದ, ಈ ಹುಡುಗರು ಅಲ್ಲೊಂದು ಸ್ಕೇಟ್‌ಪಾರ್ಕ್ ಕಟ್ಟಿದರು. ಆಡುವವರೇ ಕಾಂಕ್ರೀಟು ಹೊತ್ತರು, ಕರಣೆ ಹಿಡಿದರು. ಬೆಂಗಳೂರಿನ ಅತಿತಾ ವರ್ಗೀಸ್ ಈ ಆಟದಲ್ಲೇ ಹೆಸರಾಗಿ, ಹೆಣ್ಣುಮಕ್ಕಳಿಗೂ ಹಲಗೆ ಸಿಗಲೆಂದು 2015ರಲ್ಲಿ ಗರ್ಲ್ ಸ್ಕೇಟ್ ಇಂಡಿಯಾ ಆರಂಭಿಸಿದರು.

ಇಂಥ ಪಾರ್ಕು ಕಟ್ಟುವ ಗಾರೆ ಕೆಲಸದ ಸೊಗಸಿಗೆ ನಾನು ಮರುಳಾದೆ. ನಮ್ಮ ಗಾರೆಯವರ ಹತ್ತಿರ ರಸಮಟ್ಟ, ತೂಕುಗುಂಡು ಇರುತ್ತವೆ. ನೆಲ ಮಟ್ಟಸ, ಗೋಡೆ ನೇರ ಬಂದರೆ ಕೆಲಸ ಗೆದ್ದಂತೆ. ಸ್ಕೇಟ್‌ಪಾರ್ಕಿನಲ್ಲಿ ಬೇಕಾದದ್ದು ಬಳುಕು. ಮಣ್ಣನ್ನು ಬೋಗುಣಿಯಂತೆ ತಿದ್ದಿ, ಕಂಬಿಯನ್ನು ಅದರ ಮೈಗೆ ಬಾಗಿಸಿ, ಜಾರಿ ಬೀಳದಷ್ಟು ಗಟ್ಟಿ ಕಾಂಕ್ರೀಟು ಮೆತ್ತಿ, ಕಮಾನಿನಾಕಾರಕ್ಕೆ ಕತ್ತರಿಸಿದ ಹಲಗೆಯಿಂದ ಎಳೆಯಬೇಕು. ಆಮೇಲೆ ನುಣುಪು. ಬೆರಳಿಗೆ ತಾಕದ ಉಬ್ಬೂ ಅಷ್ಟು ಸಣ್ಣ ಚಕ್ರಕ್ಕೆ ತಾಕುತ್ತದೆ. ಅಂಚಿಗೆ ಕಬ್ಬಿಣದ ಪೈಪು, ತಳದಲ್ಲಿ ನೀರು ಹೋಗಲು ಕಿಂಡಿ, ಒದ್ದೆ ಗೋಣಿಚೀಲ ಹೊದಿಸಿ ಕೆಲವು ದಿನದ ಆರೈಕೆ. ಕೆರೆ ಏರಿ ಕಟ್ಟಿದ, ರಾಗಿ ಹಗೇವು ತೋಡಿದ ಸೀಮೆಗೆ ಇದೇನು ಮಹಾ ವಿದ್ಯೆ!

ಹಳ್ಳಿಗೆ ಇದು ಒಗ್ಗುವುದಿಲ್ಲ ಎನ್ನುವವರು ಮಧ್ಯಪ್ರದೇಶದ ಪನ್ನಾ ಕಾಡಿನ ಪಕ್ಕದ ಜನವಾರ್ ಕಡೆ ನೋಡಬೇಕು. ಅಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಶುರು ಮಾಡಿದ ಪಾರ್ಕಿಗೆ ಎರಡೇ ಕಟ್ಟಳೆ: ಶಾಲೆಗೆ ಹೋಗದವರಿಗೆ ಹಲಗೆ ಇಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ. ಆ ಹಳ್ಳಿಯ ಆದಿವಾಸಿ ಹುಡುಗಿ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಡಿ ಬಂದಳು. ಅವಳ ವಿಷಯ ಓದುವಾಗ ನನಗೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಓಡಾಡುವ ಸೋಲಿಗರ ಮಕ್ಕಳೇ ಕಣ್ಣಮುಂದೆ ಬಂದರು.

ಅಣ್ಣನ ಮಗನೂ ಇಬ್ಬರು ಗೆಳೆಯರೂ ಪುರಸಭೆಗೆ ಕೊಡಲು ಮನವಿಯೊಂದನ್ನು ಬರೆದು, ಕಾಗುಣಿತ ತಿದ್ದಲು ನನ್ನ ಕೈಗಿತ್ತಿದ್ದಾರೆ. ಮೂವತ್ತು ಅಡಿ ಜಾಗ ಸಾಕು, ಮಣ್ಣು ಹೊರಲು ನಾವೇ ಬರುತ್ತೇವೆ ಎಂದಿದೆ. ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ. ಚಾಮರಾಜನಗರದ ಹುಡುಗರಿಗೂ ಒಂದು ಪ್ರತಿ ಕಳಿಸುತ್ತಾರಂತೆ, ಅವರು ನಗರಸಭೆಗೆ ಕೊಡಲಿ ಎಂದು.

ಅಲ್ಲಿಯವರೆಗೆ? ನಮ್ಮ ಬೀದಿಯಲ್ಲಿ ಒಂದು ಜಲ್ಲಿ ಕಲ್ಲು ಸಾಕು, ಚಕ್ರ ನಿಂತು ಹುಡುಗ ಮುಂದಕ್ಕೆ ಹಾರುತ್ತಾನೆ. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪ ಖಾಲಿ. ಕಾವಲುಗಾರ ಹಿಂಬಾಗಿಲು ತೆಗೆದುಕೊಡುತ್ತಿದ್ದ. ನುಣುಪು ನೆಲದ ಮೇಲೆ ಮೂವರು ಒಂದು ತಿಂಗಳು ಮನಸೋ ಇಚ್ಛೆ ಆಡಿದರು. ಮೊನ್ನೆ ಹೋದರೆ ಒಳಗೆ ಕುರ್ಚಿ ಜೋಡಿಸುತ್ತಿದ್ದರು. ಶ್ರಾವಣ ಬಂದಿತ್ತು. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ಅವನು ಮನೆಯ ಕಡೆ ನಡೆದ.