ಅರ್ಬುದಪೀಡಿತ ಪ್ರಾಣಿಗಳಲ್ಲಿ ಕಿರಣಚಿಕಿತ್ಸೆಯ ಉಪದ್ರವಗಳ ನಿರ್ಣಯ

ಲೋಕದಲ್ಲಿ ಕ್ಯಾನ್ಸರ್ ಎಂದು ಪ್ರಸಿದ್ಧವಾಗಿರುವ ಅರ್ಬುದವು ಮನುಷ್ಯರಿಗೆ ಮಾತ್ರ ಮೀಸಲಾದ ವ್ಯಾಧಿಯಲ್ಲ. ನಾಯಿ, ಬೆಕ್ಕು, ಕುದುರೆ ಮೊದಲಾದ ಪ್ರಾಣಿಗಳಿಗೂ ಅದು ಬರುವುದುಂಟು. ಶಸ್ತ್ರದಿಂದ ಪೂರ್ತಿಯಾಗಿ ತೆಗೆಯಲಾಗದ ಗಡ್ಡೆಗಳಿಗೆ ಪಶುವೈದ್ಯರು ಕಿರಣಚಿಕಿತ್ಸೆಯನ್ನು ಪ್ರಯೋಗಿಸುತ್ತಾರೆ. ಆದರೆ ಗಡ್ಡೆಯನ್ನು ನಾಶಮಾಡುವ ಕಿರಣವು ಸುತ್ತಣ ಆರೋಗ್ಯವಾದ ಭಾಗವನ್ನೂ ಅಷ್ಟಿಷ್ಟು ನೋಯಿಸದೆ ಬಿಡುವುದಿಲ್ಲ. ಹೀಗೆ ಚಿಕಿತ್ಸೆಯಿಂದಲೇ ಹುಟ್ಟುವ ಕೆಡುಕನ್ನು ಉಪದ್ರವವೆನ್ನಬಹುದು. ಇದನ್ನು ಅಳೆಯುವ ಬಗೆ ಹೇಗೆ? ಮನುಷ್ಯನಾದರೆ ಉರಿಯುತ್ತದೆ, ನುಂಗಲಾರೆ ಎಂದು ಬಾಯಿಬಿಟ್ಟು ಹೇಳುತ್ತಾನೆ, ಪ್ರಾಣಿಯು ಹೇಳಲಾರದು. ಆದುದರಿಂದ ವೈದ್ಯನ ಕಣ್ಣೂ ಅವನು ಬಳಸುವ ಶಬ್ದವೂ ಇಲ್ಲಿ ರೋಗಿಯ ನಾಲಗೆಯ ಕೆಲಸವನ್ನು ಮಾಡಬೇಕಾಗಿದೆ.

ಉಪದ್ರವಗಳು ಕಾಲಭೇದದಿಂದ ಎರಡು ವಿಧ. ಮೂಗಿನೊಳಗೆ ಗಡ್ಡೆ ಬೆಳೆದ ನಾಯಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರೋಗಶಮನವನ್ನೇ ಗುರಿಯಾಗಿಟ್ಟ ರೂಢಿಯ ಕ್ರಮದಲ್ಲಿ, ಪ್ರತಿಸಲವೂ ಅರಿವಳಿಕೆ ಕೊಟ್ಟು, ಸುಮಾರು 16ರಿಂದ 20 ಕಂತುಗಳಲ್ಲಿ ಕಿರಣವನ್ನು ಹಾಯಿಸುವರು. ಚರ್ಮ ಮತ್ತು ಬಾಯಿಯ ಒಳಪೊರೆಗಳ ಜೀವಕೋಶಗಳು ಬೇಗಬೇಗನೆ ಹುಟ್ಟಿ ಸವೆಯತಕ್ಕವು. ಇವುಗಳಿಗೆ ತಗಲಿದ ಪೆಟ್ಟು ಎರಡು ಮೂರು ವಾರಗಳಲ್ಲಿಯೇ ಕಾಣಿಸಿಕೊಂಡು, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುವುದು. ಇದು ಸದ್ಯದ ಉಪದ್ರವ. ಎಲುಬು, ನರ, ಕಣ್ಣಿನ ಮಸೂರ ಇವುಗಳಿಗೆ ತಗಲಿದ ಪೆಟ್ಟಾದರೋ ತಿಂಗಳುಗಳ, ಕೆಲವೊಮ್ಮೆ ವರ್ಷಗಳ, ತರುವಾಯ ಹೊರಬೀಳುವುದು. ಇದು ಬಹುಮಟ್ಟಿಗೆ ಮಾಯುವಂಥದಲ್ಲ. ಒಂದೊಂದು ಕಂತಿನ ಪ್ರಮಾಣವು ಹೆಚ್ಚಿದಷ್ಟೂ ಈ ಎರಡನೆಯ ವಿಧದ ಭಯವು ಹೆಚ್ಚುವುದು. ಹೀಗಿರಲು, ಕೆಂಪಾದ ಚರ್ಮವು ವಾಸಿಯಾಯಿತೆಂದ ಮಾತ್ರಕ್ಕೆ ಚಿಕಿತ್ಸೆಯು ನಿರಪಾಯವೆಂದು ಹೇಳಲಾಗದು.

ಮನುಷ್ಯರ ವಿಷಯದಲ್ಲಿ ಅಮೆರಿಕದ ಮತ್ತು ಯೂರೋಪಿನ ಎರಡು ಸಂಶೋಧನಮಂಡಲಿಗಳು ಸಿದ್ಧಪಡಿಸಿದ ಮಾನವೊಂದು 1995ರಲ್ಲಿ ಪ್ರಕಟವಾಗಿತ್ತು. ಪ್ರಾಣಿಗಳಿಗೆ ಒಪ್ಪುವಂಥ ಮಾನವನ್ನು ಪಶುಕಿರಣಚಿಕಿತ್ಸಕರ ಮಂಡಲಿಯ ಪರವಾಗಿ ಲಾಡ್ಯೂ ಮತ್ತು ಕ್ಲೈನ್ ಎಂಬವರು 2001ರಲ್ಲಿ ಪ್ರಕಟಿಸಿದರು. ಇದರಲ್ಲಿ ಪ್ರತಿಯೊಂದು ಅಂಗಕ್ಕೂ ಸೊನ್ನೆಯಿಂದ 3ರವರೆಗೆ ದರ್ಜೆಗಳುಂಟು. ಚರ್ಮವು ಕೆಂಪೇರಿ, ಒಣಹೊಟ್ಟು ಏಳುವುದು, ರೋಮ ಉದುರುವುದು ಒಂದನೆಯ ದರ್ಜೆ. ಅಲ್ಲಲ್ಲಿ ಸುಲಿದು ತೇವವಾಗುವುದು ಎರಡನೆಯದು. ಸುಲಿದ ಭಾಗಗಳು ಒಂದಾಗಿ ಬಾವೋ ವ್ರಣವೋ ಆಗುವುದು ಮೂರನೆಯದು. ಅನಂತರದ ಉಪದ್ರವಗಳಿಗೆ ಬೇರೆ ಪಟ್ಟಿಯೇ ಇದೆ. ಅಲ್ಲಿ ರೋಮ ಬೆಳ್ಳಗಾಗುವುದು ಮೊದಲ ದರ್ಜೆಗೆ ಸೇರಿದರೆ, ಕಣ್ಣು ಕುರುಡಾಗುವುದು ಕೊನೆಯ ದರ್ಜೆಗೆ ಸೇರುವುದು. ಇದರ ಪರಿಷ್ಕೃತ ರೂಪವು 2023ರಲ್ಲಿ ಹೊರಬಂದಿತು.

ಈ ಮಾನದ ಬಲವೂ ಕೊರತೆಯೂ ಅದರ ಶಬ್ದಗಳಲ್ಲಿಯೇ ಇವೆ. 2001ರ ಪಟ್ಟಿಯಲ್ಲಿ ಬಾಯಿಯ ಒಳಪೊರೆಯ ಎರಡನೆಯ ದರ್ಜೆಗೆ ಒಂದು ವಿಶೇಷಣವುಂಟು: ಅಲ್ಲಲ್ಲಿ ಹುಣ್ಣೆದ್ದಿದ್ದರೂ ಪ್ರಾಣಿಗೆ ನೋವಿಲ್ಲದಂತೆ ತೋರಬೇಕು. ‘ತೋರುವುದು’ ಯಾರಿಗೆ? ನೋಡುವವನಿಗೆ. ಮೇವನ್ನು ಬಿಡುವುದು, ಜೊಲ್ಲು ಸುರಿಸುವುದು, ಮುಖವನ್ನು ಪಂಜದಿಂದ ಉಜ್ಜಿಕೊಳ್ಳುವುದು, ಮುಟ್ಟಿದರೆ ಗುರುಗುಟ್ಟುವುದು, ಇಂಥ ಅನುಭಾವಗಳಿಂದಲೇ ನೋವನ್ನು ಊಹಿಸಬೇಕು. ಇವುಗಳನ್ನು ದಿನವೂ ಕಾಣತಕ್ಕವನು ಸಾಕಿದ ಒಡೆಯನೇ ಹೊರತು ಘಳಿಗೆಯ ಕಾಲ ನೋಡುವ ವೈದ್ಯನಲ್ಲ. ಮೇಲಾಗಿ, ಪ್ರಾಣಿಯು ತುರಿಕೆಯಿಂದ ಗಾಯವನ್ನು ನೆಕ್ಕಿ ಕೆರೆದುಕೊಂಡರೆ, ಕಿರಣದಿಂದಾದುದೆಷ್ಟು, ಕೆರೆತದಿಂದಾದುದೆಷ್ಟು ಎಂದು ವಿಂಗಡಿಸುವುದು ಕಷ್ಟ. ಆದುದರಿಂದ ಒಡೆಯನ ಮಾತನ್ನೂ ಗಾಯದ ಇತಿಹಾಸವನ್ನೂ ದರ್ಜೆಯೊಡನೆ ಬರೆದಿಡುವುದು ಯುಕ್ತ.

ಬರೆಯದೆ ಬಿಟ್ಟುದರ ವಿಷಯವೂ ವಿಚಾರಾರ್ಹವಾಗಿದೆ. ಓಲೆಯ ಕಟ್ಟಿನಲ್ಲಿ ಗರಿಯೊಂದು ಲುಪ್ತವಾಗಿದ್ದರೆ, ಕವಿಯು ಅಲ್ಲಿ ಏನನ್ನೂ ಹೇಳಲಿಲ್ಲವೆಂದು ಗ್ರಂಥಸಂಪಾದಕನು ತೀರ್ಮಾನಿಸುವುದಿಲ್ಲ. ಹಳೆಯ ದಾಖಲೆಗಳನ್ನು ತಿರುವಿ ಉಪದ್ರವಗಳನ್ನು ಎಣಿಸುವ ಸಂಶೋಧಕನಿಗೂ ಈ ಎಚ್ಚರವು ಅವಶ್ಯಕ. ದಾಖಲೆಯ ಮೌನವನ್ನು ಸೊನ್ನೆಯ ದರ್ಜೆಯೆಂದು ಓದಿದರೆ ಲೆಕ್ಕವು ಸುಳ್ಳಾಗುವುದು. ಅರ್ಬುದವುಳ್ಳ ಎಷ್ಟೋ ಪ್ರಾಣಿಗಳು ತಡವಾಗಿ ಬರುವ ಉಪದ್ರವವು ಹೊರಬೀಳುವಷ್ಟು ಕಾಲ ಬದುಕುವುದೇ ಇಲ್ಲ. ಅವುಗಳಲ್ಲಿ ಅದು ಕಾಣಲಿಲ್ಲವೆಂಬುದು ಕಿರಣದ ಸೌಮ್ಯತೆಗೆ ಸಾಕ್ಷಿಯಾಗಲಾರದು.

ಈ ಎಣಿಕೆಯನ್ನು ನಂಬಿಯೇ ಮುಂದಿನ ಪ್ರಾಣಿಗೆ ಕಿರಣದ ಪ್ರಮಾಣವು ಗೊತ್ತಾಗುವುದು. ಇದನ್ನು ಕೇಳಿಯೇ ಒಡೆಯನು ಚಿಕಿತ್ಸೆಗೆ ಒಪ್ಪುವನು ಅಥವಾ ಬೇಡವೆನ್ನುವನು. ಒಪ್ಪಿಗೆಯು ಒಬ್ಬನದು, ವೇದನೆಯು ಇನ್ನೊಂದರದು. ಆದುದರಿಂದ ಇಲ್ಲಿ ಒಂದು ಶಬ್ದವನ್ನು ಸಡಿಲಾಗಿ ಬಳಸಿದರೂ ಅದರ ಫಲವನ್ನು ಉಣ್ಣುವುದು ಮಾತು ಬಾರದ ಜೀವವೇ ಆಗಿದೆ.