ಅಂಗೈಯೊಳಗಿನ ಅಂಗಡಿ

ದಾವಣಗೆರೆಯ ಪಿ.ಬಿ. ರಸ್ತೆ ಎಂದರೆ ಪುಣೆ-ಬೆಂಗಳೂರು ರಸ್ತೆ. ಒಂದು ಕಾಲದಲ್ಲಿ ಮುಂಬಯಿಯ ಲಾರಿ, ಹುಬ್ಬಳ್ಳಿಯ ಬಸ್ಸು, ಮದುವೆಯ ದಿಬ್ಬಣ ಹೊತ್ತ ವ್ಯಾನು ಎಲ್ಲವೂ ಊರಿನ ನಡುವೆಯೇ ಹಾದುಹೋಗಬೇಕಾಗಿತ್ತು. ಅಂಗಡಿಯ ಯಜಮಾನ ದೊಡ್ಡ ಅಕ್ಷರಗಳ ಬೋರ್ಡೊಂದನ್ನು ಬರೆಯಿಸಿ ನೆತ್ತಿಯ ಮೇಲೆ ತೂಗುಹಾಕಿದರೆ ಸಾಕು, ಗಿರಾಕಿ ತಾನಾಗಿ ಬರುತ್ತಿದ್ದ. ಬೆಣ್ಣೆ ಕರಗುವ ಪರಿಮಳವೇ ಹೋಟೆಲಿನವನ ಜಾಹೀರಾತಾಗಿದ್ದಿತು.

ಹೆದ್ದಾರಿ ಈಗ ಊರನ್ನು ಬಳಸಿಕೊಂಡು ಹೊರಗಿನಿಂದ ಸಾಗುತ್ತದೆ. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಇಂದು 48ನೆಯದೆನಿಸಿರುವ ಆ ರಸ್ತೆಯಲ್ಲಿ ವಾಹನಗಳು ಹರಿಹರವನ್ನೂ ದಾವಣಗೆರೆಯನ್ನೂ ಕೆಲವೇ ನಿಮಿಷಗಳಲ್ಲಿ ಹಿಂದೆ ಹಾಕಿಬಿಡುತ್ತವೆ. ಊರೊಳಕ್ಕೆ ತಿರುಗಬೇಕೆ, ಬೇಡವೆ ಎಂಬುದು ಚಾಲಕನ ಪಕ್ಕದಲ್ಲಿ ಕುಳಿತವರ ಅಂಗೈಯಲ್ಲಿರುವ ಮೊಬೈಲಿನ ಮೇಲೆ ತೀರ್ಮಾನವಾಗುತ್ತದೆ. ಹಸಿದ ಮಕ್ಕಳಿಗಾಗಿ ಗೃಹಿಣಿಯೊಬ್ಬಳು ಎರಡು ಪದಗಳನ್ನು ಒತ್ತುತ್ತಾಳೆ. ನಾಲ್ಕಾರು ಹೆಸರುಗಳು ಮೂಡುತ್ತವೆ. ಆ ನಾಲ್ಕಾರರಲ್ಲಿ ಇಲ್ಲದ ಅಂಗಡಿ ಅವಳ ಪಾಲಿಗೆ ಊರಿನಲ್ಲಿಯೇ ಇಲ್ಲ.

ಇದರಲ್ಲೊಂದು ವಿನೋದವೂ ಉಂಟು. ಊರಿನಲ್ಲಿ ಪ್ರಚಲಿತವಾಗಿರುವ ಕಥೆಯಂತೆ, 1928ರಲ್ಲಿ ಚೆನ್ನಮ್ಮ ಎಂಬಾಕೆ ಮಕ್ಕಳೊಡನೆ ದಾವಣಗೆರೆಗೆ ಬಂದು ನಾಟಕದ ಥಿಯೇಟರೊಂದರ ಬಳಿ ರಾಗಿ ದೋಸೆ ಮಾರತೊಡಗಿದರು. ಅಕ್ಕಿಯ ಹಿಟ್ಟಿಗೆ ಬೆಣ್ಣೆ ಸುರಿಯುವ ಇಂದಿನ ದೋಸೆಯನ್ನು ರೂಢಿಗೆ ತಂದವರು ಅವರ ಮಕ್ಕಳು. ಆ ದೋಸೆ ಎಷ್ಟು ಹೆಸರುವಾಸಿಯಾಯಿತೆಂದರೆ, ಇಂದು ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ಊರಿನ ಹೆಸರು ಹೊತ್ತ ಬೋರ್ಡುಗಳಿವೆ. ಬೆಂಗಳೂರಿನಲ್ಲಿ ಕುಳಿತವರು ಮೊಬೈಲಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಎಂದು ಹುಡುಕಿದರೆ ಮೊದಲು ಕಾಣುವವು ಬೆಂಗಳೂರಿನ ಅಂಗಡಿಗಳೇ. ಹುಡುಕುವವನಿಗೆ ಹತ್ತಿರವಾದುದನ್ನು ಮುಂದೆ ತೋರಿಸುವುದು ಯಂತ್ರದ ಸ್ವಭಾವ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಊರಿನ ಹೆಸರು ಊರಿನ ಅಂಗಡಿಗಿಂತ ಮುಂದೆ ನಡೆದುಹೋಗಿದೆ.

ಹಾಗೆಂದು ದಾವಣಗೆರೆಯ ವ್ಯಾಪಾರಿಗಳು ಜಾಲತಾಣ ಮಾಡಿಸಿಲ್ಲವೆಂದಲ್ಲ. ಮಾಡಿಸಿದವರು ಅನೇಕರಿದ್ದಾರೆ. ಆದರೆ ಸಣ್ಣ ಊರಿನ ಅಂಗಡಿಯ ಜಾಲತಾಣವನ್ನು ತೆರೆದರೆ ಸಾಮಾನ್ಯವಾಗಿ ಕಾಣುವುದೇನು? ಮೇಲೆ ಉರುಳುವ ಐದಾರು ಬಣ್ಣದ ಚಿತ್ರಗಳು. ಗ್ರಾಹಕನೇ ದೇವರೆಂಬ ಮಾತು. ಗುಣಮಟ್ಟವೇ ಧ್ಯೇಯವೆಂಬ ಇನ್ನೊಂದು ಮಾತು. ಕೆಳಗೆ ಎಲ್ಲಿಯೋ ಬದಲಾಗಿ ಹೋದ ದೂರವಾಣಿಯ ಸಂಖ್ಯೆ. ಗಲ್ಲಾದ ಮುಂದೆ ನಿಂತ ಗಿರಾಕಿ ಕೇಳುವ ಪ್ರಶ್ನೆಗಳು ಬೇರೆಯೇ. ಎಷ್ಟು ಹೊತ್ತಿಗೆ ತೆಗೆಯುತ್ತೀರಿ? ಸೋಮವಾರ ರಜವೆ? ಕಾರು ನಿಲ್ಲಿಸಲು ಸ್ಥಳವಿದೆಯೆ? ಇದಕ್ಕೆ ಬೆಲೆಯೆಷ್ಟು? ನಾಳೆಯೊಳಗೆ ಸಿಗುತ್ತದೆಯೆ? ಈ ಪ್ರಶ್ನೆಗಳಿಗೆ ಯಜಮಾನ ಬಾಯಲ್ಲಿ ದಿನಕ್ಕೆ ನೂರು ಬಾರಿ ಉತ್ತರ ಹೇಳುತ್ತಾನೆ. ಆ ಉತ್ತರಗಳನ್ನು ಪುಟದ ಮೇಲೆ ಬರೆದಿಡಲು ಮಾತ್ರ ಅವನಿಗೆ ತೋಚುವುದಿಲ್ಲ. ಗಿರಾಕಿಯನ್ನು ಕರೆತರುವ ಜಾಲತಾಣಕ್ಕೂ ಸುಮ್ಮನೆ ಬಿದ್ದಿರುವ ಜಾಲತಾಣಕ್ಕೂ ಇರುವ ಅಂತರ ಬಹುಮಟ್ಟಿಗೆ ಇಷ್ಟೇ.

ಕಿರ್ಲೋಸ್ಕರರ ಪತ್ರಿಕೆ

ಈ ಗುಟ್ಟು ಹೊಸದೇನಲ್ಲ; ಹರಿಹರಕ್ಕೆ ಸಂಬಂಧವುಳ್ಳ ಒಂದು ಮನೆತನಕ್ಕೆ ನೂರು ವರ್ಷಗಳ ಹಿಂದೆಯೇ ತಿಳಿದಿದ್ದಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಕಿದರೆ ಭೂಮಿ ವಿಷವಾಗುತ್ತದೆಂದು ರೈತರು ಹಿಂಜರಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ವಸ್ತು ಚೆನ್ನಾಗಿದ್ದರೆ ಸಾಲದು, ಅದರ ವಿಷಯ ಕೊಳ್ಳುವವನಿಗೆ ತಿಳಿಯಬೇಕೆಂಬ ಪಾಠ ಆ ಕಾರ್ಖಾನೆಗೆ ಹೀಗೆ ದೊರೆತಿರಬೇಕು. 1920ರಲ್ಲಿ ಕಿರ್ಲೋಸ್ಕರವಾಡಿಯಿಂದ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆ ಹೊರಟಿತು. ಕಾರ್ಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ಮುಟ್ಟಿಸಲು ಹುಟ್ಟಿದ ಆ ಪತ್ರಿಕೆ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಬೆಳೆದು, ಮನೆಮನೆಯಲ್ಲಿ ಓದುವ ಮಾಸಪತ್ರಿಕೆಯೇ ಆಯಿತು. ಹೊಗಳಿಕೆಯನ್ನು ಹಣ ಕೊಟ್ಟು ಓದುವವರಾರು? ಉಪಯೋಗದ ಮಾತಿದ್ದುದರಿಂದಲೇ ಜನ ಓದಿದರು.

ಅದೇ ಬಳಗದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಯಿತು. ತುಂಗಭದ್ರೆಯ ದಡದ ಈ ಊರಿನಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳನ್ನೂ ತಾಂತ್ರಿಕ ಶಾಲೆಗಳನ್ನೂ ಸೇರಿದುವು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಕೈಕಸಬು ಕಲಿತವರು ಊರಿನಲ್ಲಿ ಉಳಿದರು. ಅವರು ತಯಾರಿಸಿದ ಯಂತ್ರಗಳು ಇನ್ನೆಲ್ಲಿಯೋ ಇಂದಿಗೂ ತಿರುಗುತ್ತಿವೆ.

ಇಲ್ಲೊಂದು ಪುಟ್ಟ ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳಬಹುದು. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಮೂವರು ಕೆಲಸಗಾರರು. ಕೊಯಮತ್ತೂರಿನಲ್ಲಿಯೋ ರಾಜಕೋಟೆಯಲ್ಲಿಯೋ ಹಳೆಯ ಹರಿಹರದ ಲೇತಿನ ಗಿಯರೊಂದು ಹಲ್ಲು ಮುರಿದುಕೊಂಡರೆ, ಅದರ ಒಡೆಯನಿಗೆ ಬೇಕಾದ ಮನುಷ್ಯ ಇಲ್ಲಿ ಬೆಂಚಿನ ಮುಂದೆ ಕೆಲಸವಿಲ್ಲದೆ ಕುಳಿತಿರುತ್ತಾನೆ. ಇವರಿಬ್ಬರ ನಡುವೆ ಇರುವುದು ಕೆಲವು ನೂರು ಮೈಲಿಯಲ್ಲ. ಬರೆಯದೆ ಬಿಟ್ಟ ಕೆಲವು ಸಾಲುಗಳು. ಆತನ ಪುಟದಲ್ಲಿ 'ಎಲ್ಲ ಬಗೆಯ ಎಂಜಿನಿಯರಿಂಗ್ ಕೆಲಸಗಳು' ಎಂದಿದ್ದರೆ ಯಾರಿಗೂ ಏನೂ ತಿಳಿಯಲಿಲ್ಲ. ಯಾವ ಮಾದರಿಯ ಲೇತ್, ಬೆಡ್ಡಿನ ಉದ್ದವೆಷ್ಟು, ಗಿಯರಿಗೆ ಹಲ್ಲುಗಳೆಷ್ಟು, ಯಾವ ಉಕ್ಕು, ನಮೂನೆ ಕಳುಹಿಸಿದ ಮೇಲೆ ಎಷ್ಟು ದಿನ, ಒಂದೇ ಒಂದು ಬಿಡಿಭಾಗವನ್ನೂ ಮಾಡಿಕೊಡುವುದುಂಟೆ, ಲಾರಿ ಬಾಡಿಗೆ ಯಾರದು? ಒಂದೊಂದು ಬಿಡಿಭಾಗಕ್ಕೂ ಒಂದೊಂದು ಪುಟ. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತೆಗೆದ ಚಿತ್ರ. ಗಿಯರ್ ಬೇಕಾದವನು ತನ್ನ ಯಂತ್ರದ ಮೈಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಹಾಗೆಯೇ ಒತ್ತಿ ಹುಡುಕುತ್ತಾನೆ. ಅದೇ ಅಕ್ಷರಗಳು ಪುಟದಲ್ಲಿದ್ದರೆ ಇಬ್ಬರೂ ಕೂಡುತ್ತಾರೆ. ಇಂತಹ ಹುಡುಕಾಟ ತಿಂಗಳಿಗೆ ನಾಲ್ಕೇ ಇರಬಹುದು. ಮೂವರ ವರ್ಕ್‌ಶಾಪಿಗೆ ನಾಲ್ಕು ಖಚಿತ ಗಿರಾಕಿಗಳೆಂದರೆ ಸಣ್ಣ ಮಾತಲ್ಲ. ಆದರೆ ಕಂಪನಿಯ ಹೆಸರನ್ನು ಬಳಸುವಾಗ 'ಆ ಯಂತ್ರಕ್ಕೆ ಹೊಂದುವ ಬಿಡಿಭಾಗ' ಎಂದೇ ಬರೆಯಬೇಕು; ಕಂಪನಿಯವರೇ ತಾವೆಂಬ ಭ್ರಮೆ ಹುಟ್ಟಿಸುವುದು ತರವಲ್ಲ.

ಮಂಡಕ್ಕಿಗೆ ಎಷ್ಟು ಹೆಸರು?

ಪದಗಳ ವಿಷಯದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ಇನ್ನೂ ಸೂಕ್ಷ್ಮವಾಗಿರಬೇಕಾಗುತ್ತದೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವ ಈ ಉದ್ಯೋಗ ಒಂದು ಬಡಾವಣೆಗೇ ತನ್ನ ಹೆಸರನ್ನು ಕೊಟ್ಟಿದೆ. ಮಿರ್ಚಿ-ಮಂಡಕ್ಕಿಯಿಲ್ಲದೆ ಈ ಊರಿನ ಸಂಜೆ ಕಳೆಯುವುದಿಲ್ಲ. ಬೆಣ್ಣೆ ದೋಸೆಯ ಹಿಟ್ಟಿಗೂ ಹಿಡಿ ಮಂಡಕ್ಕಿ ಬೀಳುತ್ತದೆ. ಆದರೆ ಮೈಸೂರಿನ ಕಡೆಯವರಿಗೆ ಇದು ಪುರಿ, ಧಾರವಾಡದವರಿಗೆ ಚುರಮುರಿ, ಹಿಂದಿಯವರಿಗೆ ಮುರ್ಮುರಾ. ಸಗಟು ಕೊಳ್ಳುವ ಪರವೂರಿನವನು ತನ್ನ ಮಾತಿನಲ್ಲಿ ಹುಡುಕುತ್ತಾನೆಯೇ ಹೊರತು ದಾವಣಗೆರೆಯ ಮಾತಿನಲ್ಲಿ ಅಲ್ಲ. ಊರಿನ ಹೆಸರಂತೂ ರೋಮನ್ ಲಿಪಿಯಲ್ಲಿ ಎರಡು ಬಗೆಯಾಗಿದೆ: ಕೆಲವರು ನಡುವೆ ಒಂದು 'ಎ' ಅಕ್ಷರವನ್ನು ಸೇರಿಸುತ್ತಾರೆ, ಕೆಲವರು ನುಂಗುತ್ತಾರೆ. ಇವೆಲ್ಲವನ್ನೂ ಒಂದು ಸರಳವಾದ ವಾಕ್ಯದಲ್ಲಿ ಸಹಜವಾಗಿ ಹೇಳಿದರೆ ಸಾಕು. ಒಂದೇ ಪದವನ್ನು ಪುಟದ ತುಂಬ ಮಂತ್ರದಂತೆ ಜಪಿಸುವ ಹಳೆಯ ಉಪಾಯವನ್ನು ಹುಡುಕುಯಂತ್ರಗಳು ಬಹುಕಾಲದಿಂದಲೂ ದೋಷವೆಂದೇ ಎಣಿಸುತ್ತವೆ.

ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ಕಂಟಕವಿದೆ. ಮುದ್ರಣಾಲಯದಲ್ಲಿ ಮಾಡಿಸಿದ ಕರಪತ್ರವನ್ನೇ ಚಿತ್ರವಾಗಿ ಪುಟಕ್ಕೆ ಅಂಟಿಸುವುದು ನಮ್ಮಲ್ಲಿ ವಾಡಿಕೆ. ಕಣ್ಣಿಗೆ ಅದು ಅಕ್ಷರ. ಯಂತ್ರಕ್ಕೆ ಅದು ಬಣ್ಣದ ಹಾಳೆ. ಹಳೆಯ ಪದ್ಧತಿಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಬರಹದ ಗತಿಯೂ ಇದೇ: ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಮಾತ್ರ ಎಲ್ಲ ಮೊಬೈಲುಗಳೂ ಹುಡುಕುಯಂತ್ರಗಳೂ ಓದಬಲ್ಲವು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಹಣವಿಲ್ಲದೆಯೇ ದೊರೆಯುತ್ತವೆ.

ಚಿತ್ರಗಳ ತೂಕದ ಮಾತು ಸ್ವಲ್ಪದರಲ್ಲಿ ಮುಗಿಯುತ್ತದೆ. ಮೊಬೈಲಿನಿಂದ ತೆಗೆದ ಛಾಯಾಚಿತ್ರ ನಾಲ್ಕೈದು ಎಂ.ಬಿ. ಭಾರವಿರುತ್ತದೆ; ಅದನ್ನು ಇನ್ನೂರು ಕೆ.ಬಿ.ಗೆ ಇಳಿಸಿದರೂ ದೋಸೆಯ ಬಣ್ಣ ಕೆಡುವುದಿಲ್ಲ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಮೂಡಬೇಕೆಂಬುದು ಗೂಗಲ್ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಅಳತೆ.

ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದುದು ನಕ್ಷೆಯ ಗುರುತು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿವರ ದಾಖಲಿಸುವ ಸೌಲಭ್ಯವನ್ನು ಈಗ 'ಬಿಸಿನೆಸ್ ಪ್ರೊಫೈಲ್' ಎನ್ನುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಚೌಕಿಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಗುರುತು ಐವತ್ತು ಅಡಿ ಪಕ್ಕಕ್ಕೆ ಬಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ನುಗ್ಗುತ್ತಾನೆ. ದಾರಿಹೋಕರು ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದುದರಿಂದ ಯಜಮಾನ ಆಗಾಗ್ಗೆ ನೋಡಿಕೊಳ್ಳುತ್ತಿರಬೇಕು. ಗಿರಾಕಿಗಳ ಅಭಿಪ್ರಾಯಗಳಿಗೂ ಅಲ್ಲಿ ಸ್ಥಳವಿದೆ. ನೆಂಟರಿಷ್ಟರಿಂದ ಹೊಗಳಿಕೆ ಬರೆಯಿಸುವ ಚಪಲ ಅನೇಕರಿಗುಂಟು; ಒಂದೇ ದಿನ ಒಂದೇ ಧಾಟಿಯ ಇಪ್ಪತ್ತು ಹೊಗಳಿಕೆಗಳನ್ನು ನೋಡಿದ ಗೃಹಿಣಿ ನಗುತ್ತಾಳೆ. ಇಂತಹ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಕ್ರಮಕ್ಕೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡವನ್ನೇ ಹೊರಡಿಸಿತು. ಚಟ್ನಿ ಹಳಸಿತ್ತೆಂದು ಒಬ್ಬ ಬರೆದರೆ, ಅದೇ ದಿನ ವಿನಯದಿಂದ ಎರಡು ಸಾಲಿನ ಉತ್ತರ ಕೊಟ್ಟ ಹೋಟೆಲಿನ ಮೇಲೆ ಓದುವವರಿಗೆ ಗೌರವವೇ ಹುಟ್ಟುತ್ತದೆ.

ಬಾಡಿಗೆಯ ಮನೆ, ಸ್ವಂತ ಮನೆ

ಇಷ್ಟೆಲ್ಲ ಉಚಿತವಾಗಿ ದೊರೆಯುವಾಗ ಸ್ವಂತ ಜಾಲತಾಣವೇಕೆಂದು ಕೇಳುವವರುಂಟು. 2024ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಘಟನೆ ಇದಕ್ಕೆ ಉತ್ತರ. ಸಣ್ಣ ವ್ಯಾಪಾರಿಗಳು ತಮ್ಮ ಪ್ರೊಫೈಲಿನಿಂದಲೇ ಪುಟ್ಟ ಜಾಲತಾಣ ಮಾಡಿಕೊಳ್ಳುವ ಅನುಕೂಲವನ್ನು ಗೂಗಲ್ ಹಿಂದೆ ಒದಗಿಸಿತ್ತು. ಆ ತಿಂಗಳು ಅದನ್ನು ನಿಲ್ಲಿಸಿಬಿಟ್ಟಿತು. ಕೆಲವು ಕಾಲ ಆ ವಿಳಾಸಗಳಿಗೆ ಹೋದವರನ್ನು ಪ್ರೊಫೈಲಿನತ್ತ ತಿರುಗಿಸಲಾಯಿತು. ಜೂನ್ ತಿಂಗಳಲ್ಲಿ ಅದೂ ಮುಗಿಯಿತು. ಆ ವಿಳಾಸವನ್ನು ಅಂಗಡಿಯ ಚೀಲದ ಮೇಲೆ, ರಸೀದಿಯ ಮೇಲೆ ಅಚ್ಚು ಹಾಕಿಸಿದವರ ಖರ್ಚು ನೀರಿನ ಪಾಲಾಯಿತು. ವರ್ಷಕ್ಕೆ ಒಂದು ಸಂಸಾರ ಒಂದೆರಡು ಬಾರಿ ಹೋಟೆಲಿಗೆ ಹೋದಷ್ಟು ಹಣದಲ್ಲಿ ಸ್ವಂತ ವಿಳಾಸ ದೊರೆಯುತ್ತದೆ.

ಸ್ವಂತ ಎಂಬ ಮಾತನ್ನು ಒತ್ತಿ ಹೇಳಬೇಕು. ಅನೇಕ ಕಡೆ ಜಾಲತಾಣ ಮಾಡಿಕೊಟ್ಟ ಪರಿಚಯದ ಹುಡುಗ ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಇ-ಮೇಲಿನಲ್ಲಿ ದಾಖಲಿಸಿರುತ್ತಾನೆ. ಅವನ ಮನಸ್ಸಿನಲ್ಲಿ ಕಪಟವಿರುವುದಿಲ್ಲ. ಆಗ ಅದು ಸುಲಭವಾಗಿದ್ದಿತು, ಅಷ್ಟೆ. ಮೂರು ವರ್ಷಗಳಾದ ಮೇಲೆ ಅವನು ಕೆಲಸ ಹಿಡಿದು ಪುಣೆಗೆ ಹೋಗುತ್ತಾನೆ; ನವೀಕರಣದ ಸೂಚನೆ ಅವನ ಹಳೆಯ ಇ-ಮೇಲಿಗೆ ಬಂದು ಅಲ್ಲಿಯೇ ಕೊಳೆಯುತ್ತದೆ; ಒಂದು ಬೆಳಗ್ಗೆ ಅಂಗಡಿಯ ವಿಳಾಸದಲ್ಲಿ ಇನ್ನಾರದೋ ಜೂಜಿನ ಜಾಹೀರಾತು ಕುಣಿಯುತ್ತಿರುತ್ತದೆ. ಅಂಗಡಿಯ ಬಾಡಿಗೆ ಕರಾರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಡುವ ಯಜಮಾನ, ವಿಳಾಸದ ದಾಖಲೆ ಯಾರ ಹೆಸರಿನಲ್ಲಿದೆಯೆಂದು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳುವುದು ಅಗತ್ಯ.

ಪುಟವನ್ನು ನೋಡಿಕೊಳ್ಳುವವರು ಯಾರೆಂಬುದು ಕೊನೆಗೆ ಮನೆಯೊಳಗಿನ ಪ್ರಶ್ನೆಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಬರುತ್ತದೆ. ಪರವೂರುಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳೊಡನೆ ಊರಿಗೆ ಮರಳುತ್ತಾರೆ. ಆ ದಿನಗಳಲ್ಲಿ ಅಂಗಡಿ ತೆರೆಯುವ ಹೊತ್ತು ಬೇರೆ, ಮುಚ್ಚುವ ಹೊತ್ತು ಬೇರೆ. ಯಜಮಾನ ರಟ್ಟಿನ ತುಂಡಿನ ಮೇಲೆ ಸೀಮೆಸುಣ್ಣದಿಂದ ಬರೆದು ಬಾಗಿಲಿಗೆ ನೇತುಹಾಕುತ್ತಾನೆ. ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕುಳಿತು ಶಾಲೆಯ ಲೆಕ್ಕ ಮಾಡುತ್ತಿರುವ ಮಗಳು ಅದನ್ನೊಮ್ಮೆ ಓದಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಅದೇ ಮಾತನ್ನು ಮೊಬೈಲಿನಲ್ಲಿಯೂ ತಿದ್ದಿ ಮತ್ತೆ ಲೆಕ್ಕಕ್ಕೆ ಬಗ್ಗುತ್ತಾಳೆ.