ಸುಳಿ ನೋಡಿ ಜಾವಾ ಕೊಳ್ಳಿ

ಅಜ್ಜಂಪುರದ ಕಡೆ ಎತ್ತು ಕೊಳ್ಳುವವರು ಮಾರುವವನ ಮಾತಿಗೆ ಕಿವಿಗೊಡುವ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಸುಳಿ ಎಲ್ಲಿದೆ ಎಂದು ಬೆನ್ನ ಮೇಲೆ ಕೈಯಾಡಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾರೆ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಊರಿನಲ್ಲಿ ಇದು ಹುಟ್ಟುಗುಣ. ಆದರೆ ಹಳೇ ಮೋಟರ್ ಸೈಕಲ್ ಎಂದ ಕೂಡಲೇ ಇದೇ ಜನ ಕಥೆಗೆ ಮರುಳಾಗಿಬಿಡುತ್ತಾರೆ. ನನಗೆ ಬೇಸರವಾಗುವುದು ಅಲ್ಲಿ.

ಕಡೂರು, ತರೀಕೆರೆ ಸುತ್ತಿನ ತೋಟದ ಮನೆಗಳ ಕೊಟ್ಟಿಗೆಯಲ್ಲಿ, ಅಡಿಕೆ ಗೋಣಿಗಳ ಹಿಂದೆ, ತಾತನ ಕಾಲದ ಜಾವಾ ಸಿಕ್ಕರೆ ಅಚ್ಚರಿಯಿಲ್ಲ. ಮಾರಾಟಕ್ಕೆ ಬಂದಾಗ ಅದಕ್ಕೊಂದು ಕಥೆ ಅಂಟಿಕೊಳ್ಳುತ್ತದೆ: "ಇದು ಶೋರೂಮಿಗೆ ಬಂದ ಗಾಡಿ ಅಲ್ಲ ಸಾರ್, ಕಂಪನಿಯವರು ಮೊದಲು ಪರೀಕ್ಷೆಗೆ ಅಂತ ಮಾಡಿದ್ದು." ಅಂದರೆ ಪ್ರೀ-ಪ್ರೊಡಕ್ಷನ್ ಗಾಡಿ. ಆ ಒಂದು ಮಾತಿಗೆ ಬೆಲೆ ದುಪ್ಪಟ್ಟಾಗುತ್ತದೆ.

ಕಥೆ ನಂಬುವಂತಿರುವುದಕ್ಕೂ ಕಾರಣವಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಗಾಡಿಗಳು ಸಿದ್ಧವಾಗತೊಡಗಿದಾಗ, ಜೆಕೊಸ್ಲೊವಾಕಿಯಾದಿಂದ ಬಂದ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಹೀಗಾಗಿ ಆರಂಭದ ಗಾಡಿಯಲ್ಲಿ ಜಿಕೋವ್ ಕಾರ್ಬ್ಯುರೇಟರ್, ಪಾಲ್ ಕಂಪನಿಯ ವಿದ್ಯುತ್ ಸಾಮಾನು ಕಂಡರೆ ಅದು ಸಹಜ. ಅದು ಆ ಕಾಲದ ಗುರುತೇ ಹೊರತು ಪರೀಕ್ಷಾ ಗಾಡಿಯ ಗುರುತಲ್ಲ. ಇನ್ನೊಂದು ಗಾಡಿಯಿಂದ ಬಿಚ್ಚಿ ತಂದು ಹಾಕಲು ಅರ್ಧ ದಿನ ಸಾಕು.

ಹಾಗಾದರೆ ಸುಳಿ ಎಲ್ಲಿದೆ? ಮೊದಲು ಚಾಸಿ ನಂಬರಿನಲ್ಲಿ. ಆರ್‌ಟಿಒ ಕಚೇರಿಯಲ್ಲಿ ಮಾಡುವಂತೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಉಜ್ಜಿ ಅಳಿಸಿ ಮತ್ತೆ ಹೊಡೆದ ನಂಬರಿನ ಸುತ್ತ ಲೋಹ ತುಸು ತಗ್ಗಿರುತ್ತದೆ, ಬೆರಳಿಗೇ ತಿಳಿಯುತ್ತದೆ. ಎಂಜಿನ್ ನಂಬರ್, ಚಾಸಿ ನಂಬರ್, ಆರ್‌ಸಿ ಪುಸ್ತಕ ಮೂರೂ ಒಂದೇ ಮಾತು ಹೇಳಬೇಕು. ಆಮೇಲೆ ಕೈಕೆಲಸದ ಜಾಡು: ಅಚ್ಚಿನಲ್ಲಿ ಒತ್ತದೆ ಕೈಯಲ್ಲಿ ಬೆಸೆದ ಬ್ರಾಕೆಟ್, ಅರದಿಂದ ಉಜ್ಜಿದ ಅಂಚು, ಮರಳು ಅಚ್ಚಿನಲ್ಲಿ ಎರಕ ಹೊಯ್ದ ಒರಟು ಮೈ. ಇವೂ ಗುಮಾನಿಯನ್ನಷ್ಟೇ ಹುಟ್ಟಿಸುತ್ತವೆ. ಊರ ಗ್ಯಾರೇಜಿನ ವೆಲ್ಡಿಂಗಿಗೂ ಕಾರ್ಖಾನೆಯ ವೆಲ್ಡಿಂಗಿಗೂ ವ್ಯತ್ಯಾಸ ಹೇಳಬಲ್ಲ ಹಳೇ ಮೆಕ್ಯಾನಿಕ್ ಜೊತೆಗಿಲ್ಲದೆ ಮುಂಗಡ ಕೊಡಬೇಡಿ.

ಮರಳು ಎರಕದ ಮಾತು ಬಂತು. ಹೋಂಡಾ ಸಿಬಿ750 ಗಾಡಿಯ ಮೊದಲ 7,414 ಎಂಜಿನ್‌ಗಳ ಹೊರಕವಚ ಒರಟಾಗಿದ್ದು, ಅವಕ್ಕೆ 'ಸ್ಯಾಂಡ್‌ಕಾಸ್ಟ್' ಎಂದೇ ಹೆಸರು ಬಿತ್ತು. ಅವುಗಳಿಗೂ ಮುಂಚೆ ಅಮೆರಿಕದ ಡೀಲರುಗಳಿಗೆ ತೋರಿಸಲು ಮಾಡಿದ ಬೆರಳೆಣಿಕೆಯ ಗಾಡಿಗಳಲ್ಲಿ ಒಂದು 2018ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 1,61,000 ಪೌಂಡಿಗೆ ಹೋಯಿತು, ಅಂದಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ. ನಮ್ಮ ದಲ್ಲಾಳಿಗಳು ಇಂಥ ಬೆಲೆಯನ್ನಷ್ಟೇ ಕೇಳಿಸಿಕೊಂಡಿರುತ್ತಾರೆ. ಗಾಡಿ ಎಷ್ಟೇ ಅಪರೂಪದ್ದಾಗಲಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆಯೂ ಇರಬೇಕು.

ತರೀಕೆರೆ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೃತಾಪುರದ ಅಮೃತೇಶ್ವರ ಗುಡಿ 1196ರದ್ದು, ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಎಂದು ನಾವು ಧೈರ್ಯವಾಗಿ ಹೇಳುವುದು ಅಲ್ಲಿ ಶಾಸನ ನಿಂತಿರುವುದರಿಂದ. ಗಾಡಿಯ ಶಾಸನವೆಂದರೆ ಮೊದಲ ರಸೀದಿ, ಹಳೇ ಆರ್‌ಸಿ, ವಿಮೆ ಚೀಟಿ, ಮದುವೆ ಮನೆ ಮುಂದೆ ತೆಗೆಸಿದ ಫೋಟೊ. ಪರೀಕ್ಷೆಗೆಂದು ಮಾಡಿದ ಗಾಡಿ ಸಾಮಾನ್ಯವಾಗಿ ಕಂಪನಿಯ ಟ್ರೇಡ್ ಸರ್ಟಿಫಿಕೇಟಿನ ಮೇಲೆ ಓಡುವಂಥದ್ದು. ಉಳಿದೆಲ್ಲ ಗಾಡಿಗಳಂತೆ ಶೋರೂಮಿನಲ್ಲಿ ಬಿಕರಿಯಾಗಿ, ಅದೇ ವಾರ ನೋಂದಣಿಯಾದದ್ದು ಕಾಗದದಲ್ಲಿದ್ದರೆ ಆ ದೊಡ್ಡ ಕಥೆ ಅಲ್ಲೇ ಬಿದ್ದುಹೋಗುತ್ತದೆ.

ಬೆಲೆ ಕಟ್ಟುವಾಗ ನಾನು ಹಿಡಿಯುವ ದಾರಿ ಇದು. ಅದೇ ಸ್ಥಿತಿಯಲ್ಲಿರುವ, ಅದೇ ಕಾಲದ ಮಾಮೂಲಿ ಜಾವಾ ಎಷ್ಟಕ್ಕೆ ಹೋಗುತ್ತದೆ, ಅಲ್ಲಿಂದ ಶುರು. ಕಾಗದ ಸಾಬೀತು ಮಾಡಿದಷ್ಟಕ್ಕೆ ಮಾತ್ರ ಮೇಲೆ ಸೇರಿಸಬೇಕು, ಬಾಯಿಮಾತಿಗೆ ಒಂದು ರೂಪಾಯಿಯೂ ಬೇಡ. ಹೊಸ ಬಣ್ಣ, ಹೊಸ ಕ್ರೋಮ್ ಹೊಳೆಯುತ್ತಿದ್ದರೆ ನಾನು ಬೆಲೆ ಇಳಿಸುತ್ತೇನೆ. ಯಾಕೆಂದರೆ ಆ ಬಣ್ಣದ ಕೆಳಗೆ ಅರದ ಗೆರೆ, ಹಳೇ ಪದರ, ಕಾರ್ಖಾನೆಯ ಗುರುತು ಎಲ್ಲವೂ ಹೂತುಹೋಗಿರುತ್ತವೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ದ್ವಿಚಕ್ರಕ್ಕೂ 'ವಿಎ' ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತದೆ. ಅಲ್ಲಿಯೂ ಕೇಳುವುದು ಮೂಲ ರೂಪವನ್ನೇ.

ಆದ್ದರಿಂದ ಕೊಟ್ಟಿಗೆಯಲ್ಲಿ ಜಾವಾ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಪೇಂಟರಿಗೆ ಫೋನ್ ಮಾಡುವ ಮೊದಲು ಅದನ್ನು ಧೂಳಿನ ಸಮೇತ ಬಿಸಿಲಿಗೆ ತನ್ನಿ, ಎಲ್ಲ ಮಗ್ಗುಲಿನಿಂದಲೂ ಫೋಟೊ ತೆಗೆಯಿರಿ. ಆಮೇಲೆ ಅಟ್ಟ ಹತ್ತಿ, ತಾತನ ತಗಡಿನ ಟ್ರಂಕಿನ ತಳದಲ್ಲಿ, ಕಂದಾಯದ ರಸೀದಿಗಳ ನಡುವೆ, ಮಡಚಿಟ್ಟ ಆ ಒಂದು ಬಿಲ್ಲನ್ನು ಹುಡುಕಿ.